ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಕೋಡ್‌ನಿಂದ ಎಲ್‌ಡ್ಯಾಪ್ ಕ್ವೆರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ಮೆಷಿನ್‌ಗಳ ಸೆಟ್ಟಿಂಗ್‌ಗಳನ್ನು ಕೋಡ್ ಬರೆದು ನೋಡಿಕೊಳ್ಳುವ ಪಪೆಟ್, ಆನ್ಸಿಬಲ್, ಶೆಫ್, ಸಾಲ್ಟ್ ಇವುಗಳಲ್ಲಿ ಯಾವುದನ್ನು ಬಳಸುತ್ತಿದ್ದರೂ ಒಂದಲ್ಲ ಒಂದು ದಿನ ಈ ಯೋಚನೆ ಬರುತ್ತದೆ. ಯೂಸರ್ ಪಟ್ಟಿ ಹೇಗೂ ಡೈರೆಕ್ಟರಿಯಲ್ಲಿದೆ (ಸಂಸ್ಥೆಯ ಯೂಸರ್, ಗ್ರೂಪ್‌ಗಳನ್ನು ಒಂದೇ ಕಡೆ ಇಟ್ಟಿರುವ ಸರ್ವರ್; ಅದನ್ನು ಕೇಳುವ ಪ್ರೋಟೋಕಾಲ್ ಎಲ್‌ಡ್ಯಾಪ್), ಅದನ್ನು ಮತ್ತೆ ಯಾಮಲ್ ಫೈಲಿನಲ್ಲಿ ಯಾಕೆ ಬರೆಯಬೇಕು, ನೇರವಾಗಿ ಕೇಳಿದರೆ ಆಯ್ತಲ್ವಾ? ಆಗುತ್ತದೆ. ಕೇಳುವುದೇನೂ ಕಷ್ಟವಲ್ಲ. ಬಂದ ಉತ್ತರವನ್ನು ಎಷ್ಟು ನಂಬಬೇಕು ಅನ್ನುವುದರಲ್ಲೇ ಜನ ಎಡವುತ್ತಾರೆ. ಹಾಗಾಗಿ ಕೆಳಗೆ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಫಿಲ್ಟರ್, ಆಟ್ರಿಬ್ಯೂಟ್, ಮಾಡ್ಯೂಲ್ ಹೆಸರುಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಬರೆದಿದೆ. ಕೋಡ್‌ನಲ್ಲಿ ಟೈಪ್ ಮಾಡುವಾಗ ನಿಮ್ಮ ಸರ್ವರ್‌ನಲ್ಲಿ ಹೇಗಿದೆಯೋ ಹಾಗೆ ಹಾಕಿಕೊಳ್ಳಿ.

ನಮ್ಮ ಎಲ್ಲ ಮೆಷಿನ್‌ಗಳಲ್ಲೂ ಎಸ್‌ಎಸ್‌ಎಸ್‌ಡಿ (ಡೈರೆಕ್ಟರಿಯ ಯೂಸರ್‌ಗಳನ್ನು ಲಿನಕ್ಸ್‌ಗೆ ತೋರಿಸುವ ಸರ್ವಿಸ್) ಇದೆ. ಆದರೂ ಕೋಡ್‌ನಿಂದ ಬೇರೆಯಾಗಿ ಕೇಳಬೇಕಾ?

ಹೆಚ್ಚಿನ ಸಲ ಬೇಡ. ಲಾಗಿನ್, ಗ್ರೂಪ್, ಸುಡೋ ನಿಯಮ, ಎಸ್‌ಎಸ್‌ಎಚ್ ಕೀ ಇವಿಷ್ಟೇ ಬೇಕಿದ್ದರೆ ಎಸ್‌ಎಸ್‌ಎಸ್‌ಡಿ ಸಾಕು. ಒಮ್ಮೆ ತಂದದ್ದನ್ನು ಅದು ತನ್ನಲ್ಲೇ ಇಟ್ಟುಕೊಳ್ಳುತ್ತದೆ (ಬದಲಿಸದಿದ್ದರೆ 5400 ಸೆಕೆಂಡ್, ಅಂದರೆ ಒಂದೂವರೆ ಗಂಟೆ). ಡೈರೆಕ್ಟರಿ ಸರ್ವರ್ ಸ್ವಲ್ಪ ಹೊತ್ತು ಸಿಗದಿದ್ದರೂ ಕೆಲಸ ನಡೆಯುತ್ತದೆ. ಪಪೆಟ್‌ನಿಂದ ಪ್ರತಿ ಯೂಸರ್‌ನನ್ನೂ ಪ್ರತಿ ಮೆಷಿನ್‌ನ ಲೋಕಲ್ ಪಾಸ್‌ವರ್ಡ್ ಫೈಲಿಗೆ ಬರೆಸುವುದು ಇದರ ಮುಂದೆ ಸುಮ್ನೆ ತಲೆನೋವು.

ಕೋಡ್‌ನಿಂದ ಕೇಳಬೇಕಾಗುವುದು ಬೇರೆ ಕಡೆ. ಎಲ್‌ಡ್ಯಾಪ್ ಅಂದರೇನೆಂದೇ ಗೊತ್ತಿಲ್ಲದ ಪ್ರೋಗ್ರಾಂಗೆ ಒಂದು ಕಾನ್ಫಿಗ್ ಫೈಲ್ ಬೇಕಿರುತ್ತದೆ. ಮಾನಿಟರಿಂಗ್‌ನಲ್ಲಿ ಅಲರ್ಟ್ ಹೋಗಬೇಕಾದ ಇಮೇಲ್ ವಿಳಾಸಗಳು, ವಿಪಿಎನ್ ಸರ್ವರ್‌ನಲ್ಲಿ ಒಬ್ಬೊಬ್ಬ ಯೂಸರ್‌ಗೂ ಒಂದು ಫೈಲ್, ಪ್ರಾಕ್ಸಿಯಲ್ಲಿ ಅನುಮತಿ ಇರುವವರ ಪಟ್ಟಿ, ಇಂಥವು. ಅಲ್ಲಿ ಡೈರೆಕ್ಟರಿಯನ್ನು ಕೇಳಿ ಟೆಂಪ್ಲೇಟ್‌ಗೆ ತುಂಬುವುದು ಸರಿಯಾದ ದಾರಿ.

ಕ್ವೆರಿ ನಿಜವಾಗಿ ಯಾವ ಮೆಷಿನ್‌ನಿಂದ ಹೋಗುತ್ತದೆ?

ಫಿಲ್ಟರ್ ಬರೆಯುವ ಮೊದಲೇ ಇದಕ್ಕೆ ಉತ್ತರ ಗೊತ್ತಿರಬೇಕು. ಫೈರ್‌ವಾಲ್ ಎಲ್ಲಿ ತೆರೆಯಬೇಕು, ಪಾಸ್‌ವರ್ಡ್ ಎಲ್ಲಿರಬೇಕು, ಲೈಬ್ರರಿ ಎಲ್ಲಿ ಹಾಕಬೇಕು ಎಲ್ಲವೂ ಇದರ ಮೇಲೆ ನಿಂತಿದೆ. ಟೂಲ್‌ನಿಂದ ಟೂಲ್‌ಗೆ ಲೆಕ್ಕ ಬೇರೆ.

ಪಪೆಟ್‌ನಲ್ಲಿ ಫಂಕ್ಷನ್‌ಗಳು ಓಡುವುದು ಸರ್ವರ್ ಮೇಲೆ, ಕೆಟಲಾಗ್ (ಒಂದು ಮೆಷಿನ್ ಹೇಗಿರಬೇಕೆಂಬ ಪಟ್ಟಿ) ಕಂಪೈಲ್ ಆಗುವಾಗ. ಏಜೆಂಟ್ ಇರುವ ಮೆಷಿನ್‌ಗೆ ಡೈರೆಕ್ಟರಿ ಕಾಣದಿದ್ದರೂ ಪರವಾಗಿಲ್ಲ, ಪಪೆಟ್ ಸರ್ವರ್‌ಗೆ ಕಂಡರೆ ಸಾಕು. 2018ರಲ್ಲಿ ಬಂದ ಪಪೆಟ್ 6ರಿಂದ ಡಿಫರ್ಡ್ ಎಂಬ ವ್ಯವಸ್ಥೆ ಇದೆ. ಅದರೊಳಗೆ ಹಾಕಿದ ಫಂಕ್ಷನ್ ಏಜೆಂಟ್ ಕಡೆ ಓಡುತ್ತದೆ. ಪಪೆಟ್‌ಗೆ ಡೇಟಾ ಹುಡುಕಿಕೊಡುವ ಹೈರಾಗೆ ನೀವೇ ಬ್ಯಾಕೆಂಡ್ ಬರೆದರೆ ಅದೂ ಸರ್ವರ್ ಕಡೆಯದೇ.

ಆನ್ಸಿಬಲ್‌ನಲ್ಲಿ ಎರಡೂ ಇವೆ, ಗೊಂದಲವೂ ಇಲ್ಲೇ ಜಾಸ್ತಿ. ಲುಕಪ್ ಪ್ಲಗಿನ್ ಓಡುವುದು ಕಂಟ್ರೋಲ್ ನೋಡ್ ಮೇಲೆ, ಅಂದರೆ ನೀವು ಪ್ಲೇಬುಕ್ ಕೊಟ್ಟ ಮೆಷಿನ್‌ನಲ್ಲಿ. ಮಾಡ್ಯೂಲ್ ಓಡುವುದು ಟಾರ್ಗೆಟ್ ಮೇಲೆ. ಕಮ್ಯುನಿಟಿ.ಜನರಲ್ ಕಲೆಕ್ಷನ್‌ನ ಎಲ್‌ಡ್ಯಾಪ್_ಸರ್ಚ್ ಒಂದು ಮಾಡ್ಯೂಲ್. ಅದನ್ನು ಹಾಗೇ ಬರೆದು 200 ಹೋಸ್ಟ್‌ಗಳ ಪ್ಲೇಗೆ ಸೇರಿಸಿದರೆ ಆ 200 ಮೆಷಿನ್‌ಗಳಲ್ಲೂ ಪೈಥಾನ್-ಎಲ್‌ಡ್ಯಾಪ್ ಲೈಬ್ರರಿ ಇರಬೇಕಾಗುತ್ತದೆ. ಬೈಂಡ್ (ಡೈರೆಕ್ಟರಿಗೆ ಲಾಗಿನ್ ಆಗುವ) ಪಾಸ್‌ವರ್ಡ್ ಕೂಡ 200 ಕಡೆಗೂ ಪ್ರಯಾಣ ಮಾಡುತ್ತದೆ. ಡೆಲಿಗೇಟ್_ಟು ಎಂದು ಲೋಕಲ್‌ಹೋಸ್ಟ್ ಕೊಟ್ಟು, ರನ್_ಒನ್ಸ್ ಹಾಕಿ, ಬಂದದ್ದನ್ನು ರಿಜಿಸ್ಟರ್ ಮಾಡಿಕೊಳ್ಳಿ. ಒಂದೇ ಸಲ ಕೇಳಿ ಎಲ್ಲ ಹೋಸ್ಟ್‌ಗೂ ಬಳಸಬಹುದು.

ಶೆಫ್‌ನಲ್ಲಿ ರೆಸಿಪಿಯ ರೂಬಿ ಕೋಡ್ ಆಯಾ ನೋಡ್ ಮೇಲೇ ಓಡುತ್ತದೆ, ಅದೂ ಎರಡು ಹಂತದಲ್ಲಿ. ರಿಸೋರ್ಸ್‌ನ ಹೊರಗೆ ಬರೆದ ಕ್ವೆರಿ ಕಂಪೈಲ್ ಹಂತದಲ್ಲೇ ಹೋಗಿಬಿಡುತ್ತದೆ. ಅದಕ್ಕೆ ಬೇಕಾದ ಜೆಮ್ ಅಥವಾ ಸರ್ಟಿಫಿಕೇಟ್ ಅದೇ ರೆಸಿಪಿಯ ಕನ್ವರ್ಜ್ ಹಂತದಲ್ಲಿ ಇನ್‌ಸ್ಟಾಲ್ ಆಗುವುದಿದ್ದರೆ ಹೊಸ ಮೆಷಿನ್‌ನಲ್ಲಿ ಮೊದಲ ರನ್ ಬಿದ್ದೇ ಬೀಳುತ್ತದೆ. ಸಾಲ್ಟ್‌ನಲ್ಲಿ ಪಿಲ್ಲರ್ ಮೂಲಕ ಕೇಳಿದರೆ ಮಾಸ್ಟರ್‌ನಿಂದ, ಎಕ್ಸಿಕ್ಯೂಶನ್ ಮಾಡ್ಯೂಲ್ ಮೂಲಕ ಕೇಳಿದರೆ ಮಿನಿಯನ್‌ನಿಂದ.

ನನ್ನನ್ನು ಕೇಳಿದರೆ, ಆದಷ್ಟೂ ಮಧ್ಯದ ಒಂದು ಮೆಷಿನ್‌ನಿಂದಲೇ ಕೇಳಿ.

ಫಿಲ್ಟರ್ ಬರೆಯುವುದು ಹೇಗೆ? ಚಿಹ್ನೆಗಳು ಎಲ್ಲೆಲ್ಲೋ ಇದ್ದ ಹಾಗೆ ಕಾಣುತ್ತವೆ.

ಆಪರೇಟರ್ ಮೊದಲು ಬರುತ್ತದೆ, ಅಷ್ಟೇ ವಿಚಿತ್ರ. "ಯೂಸರ್ ಆಗಿರಬೇಕು, ಜೊತೆಗೆ ಇಮೇಲ್ ಇರಬೇಕು" ಅನ್ನುವುದಕ್ಕೆ ಹೀಗೆ ಬರೆಯುತ್ತೇವೆ:

(&(ಆಬ್ಜೆಕ್ಟ್‌ಕ್ಲಾಸ್=ಪರ್ಸನ್)(ಮೇಲ್=*))

& ಅಂದರೆ ಎಲ್ಲವೂ ನಿಜವಾಗಬೇಕು, | ಅಂದರೆ ಯಾವುದಾದರೂ ಒಂದು, ! ಅಂದರೆ ಅಲ್ಲ. =* ಅಂದರೆ ಆ ಆಟ್ರಿಬ್ಯೂಟ್ ಇದ್ದರೆ ಸಾಕು, ಬೆಲೆ (ವ್ಯಾಲ್ಯೂ) ಏನಾದರೂ ಇರಲಿ. ಈ ಬರವಣಿಗೆಯ ನಿಯಮ 2006ರ ಆರ್‌ಎಫ್‌ಸಿ 4515 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿದೆ. ಹನ್ನೆರಡು ಪುಟದ ಸಣ್ಣ ದಾಖಲೆ, ಓದಿಬಿಡಿ.

ಫಿಲ್ಟರ್ ಜೊತೆಗೆ ಇನ್ನೂ ಮೂರು ವಿಷಯ ಕೊಡಬೇಕು: ಎಲ್ಲಿಂದ ಹುಡುಕಬೇಕು (ಬೇಸ್), ಎಷ್ಟು ಆಳ (ಸ್ಕೋಪ್), ಯಾವ ಆಟ್ರಿಬ್ಯೂಟ್‌ಗಳು ಬೇಕು. ಸ್ಕೋಪ್ ಮೂರು ಥರ: ಆ ಎಂಟ್ರಿ ಒಂದೇ, ಅದರ ಕೆಳಗಿನ ಒಂದು ಮಟ್ಟ, ಅಥವಾ ಪೂರ್ತಿ ಮರ. ಎಲ್‌ಡ್ಯಾಪ್_ಸರ್ಚ್ ಮಾಡ್ಯೂಲ್‌ನಲ್ಲಿ ಏನೂ ಹೇಳದಿದ್ದರೆ ಮೊದಲನೆಯದೇ ಸ್ಕೋಪ್. "ಫಿಲ್ಟರ್ ಸರಿ ಇದೆ, ಆದರೆ ಏನೂ ಬರಲ್ಲ" ಎಂದು ಒದ್ದಾಡುವವರು ಮೊದಲು ಇದನ್ನು ನೋಡಿ. ಪೂರ್ತಿ ಮರ ಬೇಕಿದ್ದರೆ ಅಲ್ಲಿ ಸ್ಕೋಪ್‌ಗೆ ಚಿಲ್ಡ್ರನ್ ಎಂದು ಕೊಡಬೇಕು.

ಬೇಕಾದ ಆಟ್ರಿಬ್ಯೂಟ್‌ಗಳನ್ನಷ್ಟೇ ಕೇಳಿ. ಕೇಳದಿದ್ದರೆ ಎಲ್ಲವೂ ಬರುತ್ತವೆ, ಯೂಸರ್ ಫೋಟೋ ಕೂಡ.

ಹೆಸರನ್ನು ವೇರಿಯಬಲ್‌ನಿಂದ ಫಿಲ್ಟರ್‌ಗೆ ಸೇರಿಸಬಹುದಾ?

ಸೇರಿಸಬಹುದು, ಎಸ್ಕೇಪ್ ಮಾಡಿ ಸೇರಿಸಬೇಕು. ಗ್ರೂಪ್ ಹೆಸರಿನಲ್ಲಿ ಆವರಣ ಚಿಹ್ನೆ ಇರುವುದು ಅಪರೂಪವೇನಲ್ಲ. "ಆಪರೇಶನ್ಸ್ (ರಾತ್ರಿ)" ಎಂಬ ಗ್ರೂಪ್ ಇದ್ದರೆ ಅದನ್ನು ಹಾಗೇ ತೂರಿಸಿದ ಫಿಲ್ಟರ್ ಮುರಿದುಹೋಗುತ್ತದೆ. ತೆರೆಯುವ ಆವರಣಕ್ಕೆ \28, ಮುಚ್ಚುವುದಕ್ಕೆ \29 ಬರೆಯಬೇಕು. ನಕ್ಷತ್ರ ಚಿಹ್ನೆಗೂ ಬ್ಯಾಕ್‌ಸ್ಲ್ಯಾಶ್‌ಗೂ ಇಂಥವೇ ಸಂಖ್ಯೆಗಳಿವೆ. ಮುರಿಯುವುದಾದರೂ ವಾಸಿ, ಎರರ್ ಕಾಣುತ್ತದೆ. ಹೆಸರಿನ ಜಾಗಕ್ಕೆ ಬರೀ ನಕ್ಷತ್ರ ಬಂದು ಕೂತರೆ ಫಿಲ್ಟರ್ ಚೆನ್ನಾಗಿಯೇ ಓಡಿ ಎಲ್ಲರನ್ನೂ ತಂದುಕೊಡುತ್ತದೆ. ಪೈಥಾನ್ ಮತ್ತು ರೂಬಿ ಲೈಬ್ರರಿಗಳಲ್ಲಿ ಇದಕ್ಕೆಂದೇ ಫಂಕ್ಷನ್ ಇದೆ. ಕೈಯಲ್ಲಿ ಬರೆಯಬೇಡಿ.

ಒಂದು ಗ್ರೂಪ್‌ನ ಮೆಂಬರ್‌ಗಳೆಲ್ಲ ಬೇಕು. ಯಾಕೆ ಇಷ್ಟು ಕಷ್ಟ?

ಗ್ರೂಪ್ ಇಡುವ ಪದ್ಧತಿ ಒಂದೇ ಇಲ್ಲ, ಅದಕ್ಕೆ. ಹಳೆಯ ಯೂನಿಕ್ಸ್ ಶೈಲಿಯ ಪೊಸಿಕ್ಸ್‌ಗ್ರೂಪ್‌ನಲ್ಲಿ ಮೆಂಬರ್‌ಯುಐಡಿ ಎಂಬ ಆಟ್ರಿಬ್ಯೂಟ್ ಇರುತ್ತದೆ. ಅದರಲ್ಲಿ ಬರೀ ಲಾಗಿನ್ ಹೆಸರು. ಗ್ರೂಪ್‌ಆಫ್‌ನೇಮ್ಸ್ ಥರದ್ದರಲ್ಲಿ ಮೆಂಬರ್ ಎಂಬ ಆಟ್ರಿಬ್ಯೂಟ್, ಅದರಲ್ಲಿ ಯೂಸರ್‌ನ ಪೂರ್ತಿ ಡಿಎನ್ (ಡೈರೆಕ್ಟರಿ ಮರದಲ್ಲಿ ಆ ಎಂಟ್ರಿಯ ವಿಳಾಸ). ಎರಡನೆಯದಾದರೆ ಡಿಎನ್‌ಗಳನ್ನು ಹಿಡಿದು ಒಬ್ಬೊಬ್ಬರನ್ನೂ ಮತ್ತೆ ಹುಡುಕಬೇಕು. ಡಿಎನ್‌ನ ಮೊದಲ ತುಂಡನ್ನು ಕತ್ತರಿಸಿ ಅದೇ ಲಾಗಿನ್ ಹೆಸರು ಅಂದುಕೊಳ್ಳುವ ಕೋಡ್ ಬಹಳ ಕಡೆ ಇದೆ. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಆ ತುಂಡು ಸಾಮಾನ್ಯವಾಗಿ ವ್ಯಕ್ತಿಯ ಪೂರ್ತಿ ಹೆಸರು, ಅದರೊಳಗೆ ಕಾಮಾ ಕೂಡ ಇರಬಹುದು. ಕತ್ತರಿಸಬೇಡಿ.

ಉಲ್ಟಾ ದಾರಿ ಇನ್ನೂ ಸುಲಭ. ಗ್ರೂಪ್‌ನ ಬದಲು ಯೂಸರ್‌ಗಳನ್ನೇ ಹುಡುಕಿ, "ಮೆಂಬರ್‌ಆಫ್ ಈ ಗ್ರೂಪ್" ಎಂದು ಫಿಲ್ಟರ್ ಹಾಕಿ. ಒಂದೇ ಕ್ವೆರಿಯಲ್ಲಿ ಲಾಗಿನ್ ಹೆಸರು, ಇಮೇಲ್ ಎಲ್ಲ ಸಿಗುತ್ತದೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಇದು ಮೊದಲಿಂದಲೂ ಇದೆ. ಓಪನ್ ಸೋರ್ಸ್ ಡೈರೆಕ್ಟರಿ ಸರ್ವರ್ ಆದ ಓಪನ್‌ಎಲ್‌ಡ್ಯಾಪ್‌ನಲ್ಲಿ ಮೆಂಬರ್‌ಆಫ್ ಓವರ್‌ಲೇ (ಹೆಚ್ಚುವರಿಯಾಗಿ ಸೇರಿಸುವ ಭಾಗ) ಹಾಕಿಸಿರಬೇಕು. ಓವರ್‌ಲೇ ಹಾಕುವ ಮೊದಲೇ ಇದ್ದ ಗ್ರೂಪ್‌ಗಳಿಗೆ ಅದು ತಾನಾಗಿ ತುಂಬುವುದಿಲ್ಲ.

ಆಕ್ಟಿವ್ ಡೈರೆಕ್ಟರಿಯವರಿಗೆ ಇನ್ನೂ ಮೂರು ಮಾತು. ಗ್ರೂಪ್ ಒಳಗೆ ಗ್ರೂಪ್ ಇದ್ದರೆ ಸಾಮಾನ್ಯ ಮೆಂಬರ್‌ಆಫ್ ಫಿಲ್ಟರ್ ಒಳಗಿನವರನ್ನು ತರುವುದಿಲ್ಲ. ಅದಕ್ಕೆ 1.2.840.113556.1.4.1941 ಎಂಬ ಮ್ಯಾಚಿಂಗ್ ರೂಲ್ ಹಾಕಬೇಕು:

(ಮೆಂಬರ್‌ಆಫ್:1.2.840.113556.1.4.1941:=ಗ್ರೂಪ್‌ನ ಡಿಎನ್)

ದೊಡ್ಡ ಡೈರೆಕ್ಟರಿಯಲ್ಲಿ ಇದು ನಿಧಾನ, ಅಗತ್ಯ ಇದ್ದರೆ ಮಾತ್ರ ಬಳಸಿ. ಎರಡು, ಯೂಸರ್‌ನ ಪ್ರೈಮರಿ ಗ್ರೂಪ್ ಮೆಂಬರ್‌ಆಫ್‌ನಲ್ಲಿ ಕಾಣುವುದೇ ಇಲ್ಲ. "ಡೊಮೈನ್ ಯೂಸರ್ಸ್" ಹುಡುಕಿ ಖಾಲಿ ಕೈಯಲ್ಲಿ ಬರುವುದು ಇದರಿಂದಲೇ. ಮೂರು, ನಿಷ್ಕ್ರಿಯ ಮಾಡಿದ ಅಕೌಂಟ್‌ಗಳೂ ಗ್ರೂಪ್‌ನಲ್ಲೇ ಉಳಿದಿರುತ್ತವೆ. ಯೂಸರ್‌ಅಕೌಂಟ್‌ಕಂಟ್ರೋಲ್‌ನಲ್ಲಿ 2 ಅನ್ನುವ ಬಿಟ್ ಇದ್ದರೆ ಅಕೌಂಟ್ ಬಂದ್ ಆಗಿದೆ ಎಂದರ್ಥ. 1.2.840.113556.1.4.803 ರೂಲ್ ಬಳಸಿ ಅವರನ್ನು ಹೊರಗಿಡಿ. ಕೆಲಸ ಬಿಟ್ಟುಹೋದವರಿಗೆ ವಿಪಿಎನ್ ಫೈಲ್ ತಯಾರಾಗುತ್ತಲೇ ಇರುವುದು ಯಾರಿಗೂ ಬೇಡ ಅಲ್ವಾ?

ಉತ್ತರ ಸರಿಯಾಗಿ 1000 ಎಂಟ್ರಿಗೆ ನಿಂತುಬಿಡುತ್ತದೆ. ಯಾಕೆ?

ಆಕ್ಟಿವ್ ಡೈರೆಕ್ಟರಿ ಒಂದು ಕ್ವೆರಿಗೆ ಮಾಮೂಲಾಗಿ ಕೊಡುವುದೇ 1000. ಓಪನ್‌ಎಲ್‌ಡ್ಯಾಪ್ ಆದರೆ 500. ಇದಕ್ಕಿಂತ ಜಾಸ್ತಿ ಬೇಕಿದ್ದರೆ ಪೇಜ್ಡ್ ರಿಸಲ್ಟ್ಸ್ ಕಂಟ್ರೋಲ್ ಬಳಸಿ ತುಂಡು ತುಂಡಾಗಿ ತರಬೇಕು. 1999ರ ಆರ್‌ಎಫ್‌ಸಿ 2696ರಲ್ಲೇ ಇದು ಬಂದಿದೆ, ಹೆಚ್ಚುಕಡಿಮೆ ಎಲ್ಲ ಲೈಬ್ರರಿಗಳಲ್ಲೂ ಇದೆ. ಓಪನ್‌ಎಲ್‌ಡ್ಯಾಪ್‌ನಲ್ಲಿ ಪೇಜ್ ಮಾಡಿದರೂ ಒಟ್ಟು ಮಿತಿ ಹಾಗೇ ಉಳಿಯಬಹುದು. ಆಗ ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ ನಿಮ್ಮ ಬೈಂಡ್ ಅಕೌಂಟ್‌ಗೆ ಮಿತಿ ಏರಿಸಿಕೊಳ್ಳಬೇಕು.

ಮಿತಿ ಮುಟ್ಟಿದಾಗ ಸರ್ವರ್ 4 ಎಂಬ ಕೋಡ್ ಕೊಡುತ್ತದೆ. ಜೊತೆಗೆ ಅಲ್ಲಿಯವರೆಗಿನ ಎಂಟ್ರಿಗಳನ್ನೂ ಕೊಟ್ಟಿರುತ್ತದೆ. ಕೋಡ್ ನೋಡದೆ ಎಂಟ್ರಿಗಳನ್ನಷ್ಟೇ ಎತ್ತಿಕೊಂಡರೆ ಅರ್ಧ ಪಟ್ಟಿಯನ್ನೇ ಪೂರ್ತಿ ಪಟ್ಟಿ ಎಂದು ನಂಬಿದ ಹಾಗೆ.

ಇದರ ತಮ್ಮನಂಥ ಇನ್ನೊಂದು ಮಿತಿ ಇದೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಒಂದೇ ಗ್ರೂಪ್‌ನ ಮೆಂಬರ್ ಆಟ್ರಿಬ್ಯೂಟ್ ಓದಿದರೆ ಒಮ್ಮೆಗೆ 1500 ಹೆಸರು ಮಾತ್ರ. ಪೇಜಿಂಗ್ ಇದಕ್ಕೆ ಉಪಯೋಗವಿಲ್ಲ, ರೇಂಜ್ ಕೊಟ್ಟು ಮತ್ತೆ ಮತ್ತೆ ಕೇಳಬೇಕು. ಮೇಲೆ ಹೇಳಿದ ಉಲ್ಟಾ ದಾರಿ ಹಿಡಿದರೆ ಈ ತಾಪತ್ರಯವೇ ಇಲ್ಲ.

ಡೈರೆಕ್ಟರಿಯಲ್ಲಿ ಏನೂ ಬದಲಾಗಿಲ್ಲ. ಆದರೂ ಪ್ರತಿ ರನ್‌ನಲ್ಲಿ ಫೈಲ್ "ಚೇಂಜ್ಡ್" ಎಂದು ಬರುತ್ತದೆ.

ಸಾರ್ಟ್ ಮಾಡಿ. ಎಂಟ್ರಿಗಳು ಯಾವ ಕ್ರಮದಲ್ಲಿ ಬರುತ್ತವೆ, ಒಂದು ಆಟ್ರಿಬ್ಯೂಟ್‌ನ ಹಲವು ಬೆಲೆಗಳು ಯಾವ ಕ್ರಮದಲ್ಲಿ ಬರುತ್ತವೆ ಎಂದು ಎಲ್‌ಡ್ಯಾಪ್ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇವತ್ತು ಒಂದು ರೆಪ್ಲಿಕಾ, ನಾಳೆ ಇನ್ನೊಂದು ಉತ್ತರಿಸಿದರೆ ಕ್ರಮ ಬದಲಾಗುತ್ತದೆ. ಫೈಲ್ ಬದಲಾಯಿತೆಂದು ಸರ್ವಿಸ್ ರೀಸ್ಟಾರ್ಟ್ ಆಗುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಕಿರಿಕಿರಿ: ಎಲ್‌ಡ್ಯಾಪ್_ಸರ್ಚ್ ಮಾಡ್ಯೂಲ್‌ನಲ್ಲಿ ಒಂದೇ ಬೆಲೆ ಇದ್ದರೆ ಸ್ಟ್ರಿಂಗ್ ಬರುತ್ತದೆ, ಎರಡು ಇದ್ದರೆ ಲಿಸ್ಟ್. ಒಬ್ಬ ಯೂಸರ್‌ಗೆ ಒಂದೇ ಎಸ್‌ಎಸ್‌ಎಚ್ ಕೀ ಇದ್ದಾಗ ನಿಮ್ಮ ಲೂಪ್ ಅದರ ಒಂದೊಂದು ಅಕ್ಷರವನ್ನೂ ಒಂದೊಂದು ಕೀ ಎಂದು ಬರೆಯಬಹುದು. ಬಂದ ಕೂಡಲೇ ಎಲ್ಲವನ್ನೂ ಲಿಸ್ಟ್ ಮಾಡಿಕೊಳ್ಳಿ. ಆಟ್ರಿಬ್ಯೂಟ್ ಹೆಸರುಗಳನ್ನೂ ಸಣ್ಣಕ್ಷರಕ್ಕೆ ತಂದುಬಿಡಿ. ದೊಡ್ಡಕ್ಷರ, ಸಣ್ಣಕ್ಷರ ಎಲ್‌ಡ್ಯಾಪ್‌ಗೆ ಒಂದೇ, ನಿಮ್ಮ ಕೋಡ್‌ಗೆ ಅಲ್ಲ.

ಉತ್ತರ ಖಾಲಿ ಬಂದರೆ ಏನು ಮಾಡಬೇಕು?

ನಿಲ್ಲಿಸಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಿದ್ದರೆ ಇದನ್ನು ಓದಿ.

"ಯಾರೂ ಇಲ್ಲ" ಎಂಬುದೂ "ನನಗೆ ಯಾರೂ ಕಾಣಿಸುತ್ತಿಲ್ಲ" ಎಂಬುದೂ ಎಲ್‌ಡ್ಯಾಪ್‌ನಲ್ಲಿ ಒಂದೇ ಥರ ಕಾಣುತ್ತವೆ. ಓದುವ ಅನುಮತಿ ಇಲ್ಲದ ಎಂಟ್ರಿಗಳನ್ನು ಸರ್ವರ್ ಸುಮ್ಮನೆ ಬಿಟ್ಟುಬಿಡುತ್ತದೆ. ಕ್ವೆರಿ ಯಶಸ್ವಿ, ಕೋಡ್ 0, ಎಂಟ್ರಿ ಸೊನ್ನೆ. ನಿಮ್ಮ ಕೋಡ್ "ಪಟ್ಟಿಯಲ್ಲಿಲ್ಲದವರನ್ನು ತೆಗೆದುಹಾಕು" ಎಂದು ಹೇಳುತ್ತಿದ್ದರೆ ಮುಂದೇನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಸರಣಿಯನ್ನು ಹತ್ತಿರದಿಂದ ನೋಡೋಣ. ಪಾಸ್‌ವರ್ಡ್ ಇರುವ ವಾಲ್ಟ್ ವೇರಿಯಬಲ್‌ನ ಹೆಸರನ್ನು ಯಾರೋ ಬದಲಿಸುತ್ತಾರೆ. ಕೋಡ್‌ನಲ್ಲಿ ಅದಕ್ಕೆ "ಇಲ್ಲದಿದ್ದರೆ ಖಾಲಿ ಸ್ಟ್ರಿಂಗ್" ಎಂಬ ಡೀಫಾಲ್ಟ್ ಇದೆ. ಈಗ ಡಿಎನ್ ಸರಿಯಾಗಿದೆ, ಪಾಸ್‌ವರ್ಡ್ ಖಾಲಿ. ಇದು ತಪ್ಪು ಪಾಸ್‌ವರ್ಡ್ ಎಂದು ಬೀಳಬೇಕಲ್ಲ? ಬೀಳಲೇಬೇಕೆಂದಿಲ್ಲ. ಹೆಸರಿದ್ದು ಪಾಸ್‌ವರ್ಡ್ ಖಾಲಿ ಇದ್ದರೆ ಅದು ಅನ್‌ಆಥೆಂಟಿಕೇಟೆಡ್ ಬೈಂಡ್ ಎಂಬ ಬೇರೆಯೇ ಜಾತಿ, ಆರ್‌ಎಫ್‌ಸಿ 4513ರಲ್ಲಿ ವಿವರವಿದೆ. ಅದನ್ನು ಒಪ್ಪುವ ಸರ್ವರ್ "ಸರಿ" ಎಂದು ಹೇಳಿ ನಿಮ್ಮನ್ನು ಅನಾಮಿಕರ ಸಾಲಿಗೆ ಸೇರಿಸುತ್ತದೆ. ಓಪನ್‌ಎಲ್‌ಡ್ಯಾಪ್ ನೀವಾಗಿ ಆನ್ ಮಾಡದ ಹೊರತು ಇದನ್ನು ಒಪ್ಪುವುದಿಲ್ಲ, ಎಲ್ಲ ಸರ್ವರ್‌ಗಳೂ ಹಾಗಲ್ಲ. ಬೈಂಡ್ ಆಯಿತು, ಅನಾಮಿಕರಿಗೆ ಯೂಸರ್‌ಗಳು ಕಾಣುವುದಿಲ್ಲ, ಪಟ್ಟಿ ಖಾಲಿ, ಟೆಂಪ್ಲೇಟ್ ಖಾಲಿ ಫೈಲ್ ಬರೆಯಿತು, ಸರ್ವಿಸ್ ಅದನ್ನು ಓದಿಕೊಂಡಿತು. ಎಲ್ಲೂ ಕೆಂಪು ಅಕ್ಷರ ಇಲ್ಲ. ರನ್ ಪೂರ್ತಿ ಹಸಿರು.

ಹಾಗಾಗಿ ಇಷ್ಟು ಕಾವಲು ಬೇಕೇ ಬೇಕು. ಪಾಸ್‌ವರ್ಡ್ ಖಾಲಿ ಇದ್ದರೆ ಬೈಂಡ್ ಮಾಡುವ ಮೊದಲೇ ಬೀಳಿ (ಅಂದರೆ ಎರರ್ ಕೊಟ್ಟು ನಿಲ್ಲಿ). ಪಟ್ಟಿ ಖಾಲಿ ಬಂದರೆ ಬೀಳಿ. ಖಂಡಿತ ಇರಲೇಬೇಕಾದ ಒಂದು ಹೆಸರನ್ನು (ಬೈಂಡ್ ಅಕೌಂಟ್‌ನದೇ ಆಗಬಹುದು) ಜೊತೆಗೆ ಹುಡುಕಿ, ಸಿಗದಿದ್ದರೆ ಬೀಳಿ. ಹಿಂದಿನ ಸಲಕ್ಕಿಂತ ಪಟ್ಟಿ ದಿಢೀರನೆ ಸಣ್ಣದಾದರೆ ಮನುಷ್ಯರೊಬ್ಬರು ನೋಡುವವರೆಗೂ ಬೀಳಿ. ಎಷ್ಟು ಸಣ್ಣದಾದರೆ ಅನುಮಾನ ಪಡಬೇಕು ಅನ್ನುವುದು ನಿಮ್ಮ ಗ್ರೂಪ್ ಮೇಲೆ ಹೋಗುತ್ತದೆ. ನಾಲ್ಕು ಜನರ ಗ್ರೂಪ್‌ನಲ್ಲಿ ಇಬ್ಬರು ಹೋಗುವುದು ಮಾಮೂಲು.

ಬೀಳುವುದಕ್ಕೆ ಹೆದರಬೇಡಿ. ಪಪೆಟ್‌ನಲ್ಲಿ ಫಂಕ್ಷನ್ ಎರರ್ ಕೊಟ್ಟು ಕಂಪೈಲ್ ನಿಂತರೆ ಏಜೆಂಟ್ ತಾನು ಉಳಿಸಿಕೊಂಡ ಹಳೆಯ ಕೆಟಲಾಗ್ ಹಾಕುತ್ತದೆ, ಅದೇ ಡೀಫಾಲ್ಟ್. ಅಂದರೆ ನಿನ್ನೆಯ ಪಟ್ಟಿ ಇವತ್ತೂ ನಡೆಯುತ್ತದೆ. ಎರರ್ ನುಂಗಿಕೊಂಡು ಖಾಲಿ ಅರೇ ವಾಪಸ್ ಕೊಡುವ ಫಂಕ್ಷನ್ ಈ ರಕ್ಷಣೆಯನ್ನೇ ಕಿತ್ತುಹಾಕುತ್ತದೆ.

ಕೋಡ್ 49 ಬರುತ್ತಿದೆ. ಪಾಸ್‌ವರ್ಡ್ ಸರಿಯಾಗೇ ಇದೆ.

49 ಅಂದರೆ ಕೊಟ್ಟ ಗುರುತು ಒಪ್ಪಿಗೆಯಾಗಲಿಲ್ಲ ಎಂದಷ್ಟೇ. ಆಕ್ಟಿವ್ ಡೈರೆಕ್ಟರಿ ಆದರೆ ಎರರ್ ಸಾಲಿನೊಳಗೆ ಡೇಟಾ ಎಂಬುದರ ಪಕ್ಕದ ಸಂಖ್ಯೆ ನೋಡಿ. 52ಇ ಇದ್ದರೆ ನಿಜಕ್ಕೂ ಪಾಸ್‌ವರ್ಡ್ ತಪ್ಪು. 532 ಆದರೆ ಪಾಸ್‌ವರ್ಡ್ ಅವಧಿ ಮುಗಿದಿದೆ, 533 ಆದರೆ ಅಕೌಂಟ್ ಬಂದ್, 775 ಆದರೆ ಲಾಕ್. ಹಳೇ ಪಾಸ್‌ವರ್ಡ್ ಇಟ್ಟುಕೊಂಡು ನೂರಾರು ನೋಡ್‌ಗಳು ಒಟ್ಟಿಗೆ ಬೈಂಡ್ ಮಾಡಿದರೆ 775 ಬರುವುದು ತಡವಾಗುವುದಿಲ್ಲ.

ಬೈಂಡ್ ಅಕೌಂಟ್ ಹೇಗಿರಬೇಕು?

ಓದುವುದಕ್ಕೆ ಮಾತ್ರ, ಅದೂ ಬೇಕಾದ ಭಾಗವನ್ನು ಮಾತ್ರ. ಪಾಸ್‌ವರ್ಡ್ ಆನ್ಸಿಬಲ್ ವಾಲ್ಟ್‌ನಲ್ಲೋ ಹೈರಾದ ಇಯಾಮಲ್‌ನಲ್ಲೋ ಇರಲಿ. ಆನ್ಸಿಬಲ್ ಟಾಸ್ಕ್‌ಗೆ ನೋ_ಲಾಗ್ ಹಾಕಿ. ಪಪೆಟ್‌ನಲ್ಲಿ ಪಾಸ್‌ವರ್ಡ್ ಸರ್ವರ್‌ನಲ್ಲೇ ಉಳಿಯುವ ಹಾಗೆ ಬರೆಯಿರಿ, ಕೆಟಲಾಗ್ ಒಳಗೆ ಸೇರಿದರೆ ಅದು ಏಜೆಂಟ್‌ನ ಡಿಸ್ಕ್ ಮೇಲೂ ಕೂರುತ್ತದೆ.

389 ಪೋರ್ಟ್ ಬಳಸಬೇಕಾ, 636 ಬಳಸಬೇಕಾ?

ಎರಡೂ ಆಗುತ್ತದೆ. 389ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಮಾಡಿ, ಅಥವಾ 636ರಲ್ಲಿ ಮೊದಲಿಂದಲೇ ಟಿಎಲ್‌ಎಸ್. ಬರೀ 389ರಲ್ಲಿ ಸಿಂಪಲ್ ಬೈಂಡ್ ಮಾಡಿದರೆ ಪಾಸ್‌ವರ್ಡ್ ನೆಟ್‌ವರ್ಕ್ ಮೇಲೆ ಬಟಾಬಯಲು. ಸರ್ಟಿಫಿಕೇಟ್ ಎರರ್ ಬಂತೆಂದು ಪರಿಶೀಲನೆಯನ್ನೇ ಆಫ್ ಮಾಡುವ ಸಲಹೆ ಹುಡುಕಿದ ಕಡೆಯೆಲ್ಲ ಸಿಗುತ್ತದೆ. ಕೇಳಬೇಡಿ. ಸಾಮಾನ್ಯವಾಗಿ ಕಾರಣ ಎರಡೇ: ಸಿಎ ಸರ್ಟಿಫಿಕೇಟ್ ಆ ಮೆಷಿನ್‌ನಲ್ಲಿಲ್ಲ, ಅಥವಾ ಸರ್ಟಿಫಿಕೇಟ್‌ನಲ್ಲಿರುವ ಹೆಸರಿನ ಬದಲು ಐಪಿ ವಿಳಾಸ ಕೊಟ್ಟು ಸೇರುತ್ತಿದ್ದೀರಿ.

ಇಷ್ಟೊಂದು ನೋಡ್‌ಗಳು ಕೇಳಿದರೆ ಡೈರೆಕ್ಟರಿಗೆ ಭಾರ ಆಗಲ್ವಾ?

ಲೆಕ್ಕ ಹಾಕಿ ನೋಡಿ. ಪಪೆಟ್ ಏಜೆಂಟ್ 30 ನಿಮಿಷಕ್ಕೊಮ್ಮೆ ಓಡುತ್ತದೆ, ದಿನಕ್ಕೆ 48 ಸಲ. 600 ನೋಡ್, ಒಂದು ರನ್‌ಗೆ ಮೂರು ಕ್ವೆರಿ ಅಂದರೆ ದಿನಕ್ಕೆ 86,400. ಸರಾಸರಿ ಸೆಕೆಂಡಿಗೆ ಒಂದು. ಇಂಡೆಕ್ಸ್ ಇರುವ ಡೈರೆಕ್ಟರಿಗೆ ಇದು ಲೆಕ್ಕಕ್ಕೇ ಇಲ್ಲ.

ತೊಂದರೆ ಸರಾಸರಿಯಿಂದ ಬರುವುದಿಲ್ಲ. ಕ್ರಾನ್‌ನಲ್ಲಿ ಎಲ್ಲ ನೋಡ್‌ಗಳನ್ನೂ ಗಂಟೆಗೆ ಸರಿಯಾಗಿ ಓಡಿಸಿದರೆ 600 ಟಿಎಲ್‌ಎಸ್ ಕನೆಕ್ಷನ್ ಒಂದೇ ನಿಮಿಷದಲ್ಲಿ ಬಂದು ಬೀಳುತ್ತವೆ. ಸ್ಪ್ಲೇ (ರನ್ ಶುರುವಾಗುವ ಹೊತ್ತನ್ನು ಹಿಂದುಮುಂದು ಮಾಡುವ ಸೆಟ್ಟಿಂಗ್) ಆನ್ ಮಾಡಿ ಹಂಚಿ. ಎಲ್ಲ ನೋಡ್‌ಗೂ ಒಂದೇ ಉತ್ತರ ಬೇಕಿದ್ದರೆ ಪ್ರತಿ ಸಲ ಕೇಳುವ ಅಗತ್ಯವೇ ಇಲ್ಲ. ಒಂದು ಸಣ್ಣ ಸ್ಕ್ರಿಪ್ಟ್ ಆಗಾಗ ಕೇಳಿ, ಪರೀಕ್ಷಿಸಿ, ಯಾಮಲ್ ಫೈಲಿಗೆ ಬರೆಯಲಿ. ಕೋಡ್ ಆ ಫೈಲ್ ಓದಲಿ. ಆ ಫೈಲನ್ನು ಗಿಟ್‌ಗೆ ಹಾಕಿದರೆ ಯಾವತ್ತು ಯಾರು ಸೇರಿದರು, ಯಾರು ಹೋದರು ಎಂಬ ಚರಿತ್ರೆಯೂ ಸಿಗುತ್ತದೆ. ನನಗೆ ಈ ದಾರಿಯೇ ಇಷ್ಟ. ಹೊಸಬರು ಸೇರಿದ್ದು ಸ್ವಲ್ಪ ತಡವಾಗಿ ಕಾಣುತ್ತದೆ, ಅಷ್ಟೇ ನಷ್ಟ.

ಕ್ವೆರಿ ಕೆಲವೊಮ್ಮೆ ನೇತಾಡುತ್ತದೆ, ಕೆಲವೊಮ್ಮೆ ತುಂಬ ನಿಧಾನ.

ಮೊದಲು ಟೈಮ್‌ಔಟ್ ಹಾಕಿದ್ದೀರಾ ನೋಡಿ, ಕನೆಕ್ಷನ್‌ಗೆ ಬೇರೆ, ಹುಡುಕಾಟಕ್ಕೆ ಬೇರೆ. ಹಾಕದಿದ್ದರೆ ಸತ್ತ ಸರ್ವರ್‌ಗಾಗಿ ಕಾಯುತ್ತಾ ಕಂಪೈಲ್ ನಿಂತೇ ಇರುತ್ತದೆ.

ಆಕ್ಟಿವ್ ಡೈರೆಕ್ಟರಿಯಲ್ಲಿ ಡೊಮೈನ್‌ನ ಬೇರಿನಿಂದ ಹುಡುಕಿದರೆ ಉತ್ತರದ ಜೊತೆ ರೆಫರಲ್‌ಗಳೂ ಬರುತ್ತವೆ, "ಇನ್ನಷ್ಟು ಬೇಕಿದ್ದರೆ ಆ ಸರ್ವರ್ ಕೇಳು" ಎಂದು. ಲೈಬ್ರರಿ ಅವುಗಳ ಹಿಂದೆ ಓಡುತ್ತದೆ, ಅಲ್ಲಿಗೆ ದಾರಿ ಇರುವುದಿಲ್ಲ, ಅಥವಾ ಅನಾಮಿಕವಾಗಿ ಹೋಗಿ ಒದೆ ತಿಂದು ಬರುತ್ತದೆ. ರೆಫರಲ್ ಹಿಂಬಾಲಿಸುವುದನ್ನು ಆಫ್ ಮಾಡಿ, ಬೇಸ್ ಅನ್ನು ಒಂದು ಓಯುಗೆ (ಮರದ ಒಂದು ಕೊಂಬೆಗೆ) ಇಳಿಸಿ.

ಓಪನ್‌ಎಲ್‌ಡ್ಯಾಪ್ ನಿಧಾನವಾದರೆ ಅದರ ಲಾಗ್‌ನಲ್ಲಿ "ನಾಟ್ ಇಂಡೆಕ್ಸ್ಡ್" ಎಂಬ ಸಾಲು ಹುಡುಕಿ. ಯಾವ ಆಟ್ರಿಬ್ಯೂಟ್‌ಗೆ ಇಂಡೆಕ್ಸ್ ಇಲ್ಲವೆಂದು ಅದೇ ಹೇಳುತ್ತದೆ.

ಟೆಸ್ಟ್ ಮಾಡುವುದು ಹೇಗೆ?

ಫಿಲ್ಟರ್ ಅನ್ನು ಮೊದಲು ಎಲ್‌ಡ್ಯಾಪ್‌ಸರ್ಚ್ ಕಮಾಂಡ್‌ನಲ್ಲಿ ನೋಡಿ, ಅದೇ ಬೈಂಡ್ ಅಕೌಂಟ್ ಬಳಸಿ, ಕ್ವೆರಿ ಹೋಗುವ ಅದೇ ಮೆಷಿನ್‌ನಿಂದ. ನಿಮ್ಮ ಸ್ವಂತ ಅಡ್ಮಿನ್ ಅಕೌಂಟ್‌ನಲ್ಲಿ ನೋಡಿ "ಬರ್ತಿದೆ" ಅಂದರೆ ಪ್ರಯೋಜನವಿಲ್ಲ. ಆಮೇಲೆ ಕಂಟೇನರ್‌ನಲ್ಲಿ ಓಪನ್‌ಎಲ್‌ಡ್ಯಾಪ್ ಎಬ್ಬಿಸಿ ಕೆಟ್ಟ ಡೇಟಾ ತುಂಬಿ: ಇಮೇಲ್ ಇಲ್ಲದ ಯೂಸರ್, ಎರಡು ಇಮೇಲ್ ಇರುವವರು, ಹೆಸರಲ್ಲಿ ಕಾಮಾ ಇರುವವರು, ಮೆಂಬರ್ ಇಲ್ಲದ ಗ್ರೂಪ್.

ಎಲ್‌ಡ್ಯಾಪ್‌ಸರ್ಚ್ ಔಟ್‌ಪುಟ್ ಅನ್ನೇ ಗ್ರೆಪ್ ಮಾಡಿ ಬಳಸಬಹುದಾ? ಕೆಲವು ಹೆಸರು ಅರ್ಥವಾಗದ ಅಕ್ಷರಗಳಾಗಿ ಬರುತ್ತವೆ.

ಅವು ಬೇಸ್64. ಇಂಗ್ಲಿಷ್ ಅಲ್ಲದ ಅಕ್ಷರ ಇದ್ದರೆ, ಉದಾಹರಣೆಗೆ ಕನ್ನಡದಲ್ಲೇ ಹೆಸರು ತುಂಬಿದ್ದರೆ, ಎಲ್‌ಡಿಫ್ (ಈ ಕಮಾಂಡ್‌ನ ಔಟ್‌ಪುಟ್ ಫಾರ್ಮ್ಯಾಟ್) ಅದನ್ನು ಹಾಗೆ ಬರೆಯುತ್ತದೆ. ಆಟ್ರಿಬ್ಯೂಟ್ ಹೆಸರಿನ ಮುಂದೆ ಒಂದರ ಬದಲು ಎರಡು ಕೋಲನ್ ಇದ್ದರೆ ಅದೇ ಗುರುತು. ಉದ್ದ ಸಾಲುಗಳನ್ನೂ ಅದು ಮುರಿದು, ಮುಂದಿನ ಸಾಲನ್ನು ಒಂದು ಸ್ಪೇಸ್‌ನಿಂದ ಶುರು ಮಾಡುತ್ತದೆ. ಎಸ್‌ಎಸ್‌ಎಚ್ ಕೀ ಗ್ರೆಪ್ ಮಾಡಿದವರಿಗೆ ಅರ್ಧ ಕೀ ಸಿಗುವುದು ಹೀಗೆ. ಎಲ್‌ಡಿಫ್-ರ‍್ಯಾಪ್ ಅನ್ನು ನೋ ಮಾಡಿದರೆ ಸಾಲು ಮುರಿಯುವುದು ನಿಲ್ಲುತ್ತದೆ, ಬೇಸ್64 ಉಳಿಯುತ್ತದೆ. ಕಣ್ಣಿಂದ ನೋಡುವುದಕ್ಕೆ ಆ ಕಮಾಂಡ್ ಸರಿ, ಕೋಡ್‌ಗೆ ಲೈಬ್ರರಿಯೇ ಬೇಕು.

ಪೈಥಾನ್-ಎಲ್‌ಡ್ಯಾಪ್ ಇನ್‌ಸ್ಟಾಲ್ ಆಗುವಾಗ ಕಂಪೈಲ್ ಎರರ್ ಬರುತ್ತದೆ.

ಅದು ಸಿ ಲೈಬ್ರರಿಯ ಮೇಲೆ ಕೂತಿದೆ. ಓಪನ್‌ಎಲ್‌ಡ್ಯಾಪ್ ಮತ್ತು ಸಾಸಲ್‌ನ ಡೆವಲಪ್‌ಮೆಂಟ್ ಪ್ಯಾಕೇಜ್‌ಗಳನ್ನು ಮೊದಲು ಹಾಕಿ, ಅಥವಾ ಪಿಪ್ ಬಿಟ್ಟು ನಿಮ್ಮ ಲಿನಕ್ಸ್‌ನ ಸಿದ್ಧ ಪ್ಯಾಕೇಜ್ ಹಾಕಿಕೊಳ್ಳಿ. ನಿಮ್ಮದೇ ಸ್ಕ್ರಿಪ್ಟ್ ಬರೆಯುತ್ತಿದ್ದರೆ ಎಲ್‌ಡ್ಯಾಪ್3 ಎಂಬ ಇನ್ನೊಂದು ಲೈಬ್ರರಿ ಇದೆ. ಅದು ಪೂರ್ತಿ ಪೈಥಾನ್‌ನಲ್ಲೇ ಇರುವುದರಿಂದ ಕಂಪೈಲರ್ ಬೇಕಿಲ್ಲ. ಆದರೆ ಆನ್ಸಿಬಲ್‌ನ ಎಲ್‌ಡ್ಯಾಪ್_ಸರ್ಚ್‌ಗೆ ಅದು ನಡೆಯುವುದಿಲ್ಲ, ಅಲ್ಲಿ ಮೊದಲನೆಯದೇ ಬೇಕು.